ಹಳೆಯ ರೇಡಿಯೋ ಸ್ಕ್ಯಾನರ್ ಮತ್ತು ಆಲಿಸುವ ವಿದ್ಯೆ

ವಿದ್ಯಾಸಂಸ್ಥೆಯ ಪ್ರಯೋಗಶಾಲೆಗೆ ದಾನಿಗಳಿಂದ ಬರುವ ಉಪಕರಣಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಬಿಚ್ಚಿ ನೋಡಲು ಬರುವಂಥವು ಒಂದು ವರ್ಗ; ಬಿಚ್ಚಿದರೆ ಕೆಡುವಂಥವು ಇನ್ನೊಂದು ವರ್ಗ. ಮೊದಲನೆಯ ವರ್ಗದ ಉಪಕರಣವು ವಿದ್ಯಾರ್ಥಿಯ ಮನಸ್ಸಿನಲ್ಲಿ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಎರಡನೆಯದು ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಆ ಉತ್ತರ ಎಲ್ಲಿಂದ ಬಂತೆಂಬುದನ್ನು ಹೇಳುವುದಿಲ್ಲ. ಇಂದು ಶಾಲೆಗಳನ್ನು ತುಂಬುತ್ತಿರುವುದು ಎರಡನೆಯ ವರ್ಗದ ಉಪಕರಣಗಳೇ. ಬೆರಳು ಸೋಕಿದೊಡನೆ ಚಿತ್ರ ಮೂಡುವ ಫಲಕಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಅವು ಮಾತ್ರವೇ ಸಾಕೆಂಬ ಭಾವನೆ ಬೆಳೆಯುತ್ತಿರುವುದು ವಿಚಾರಾರ್ಹವಾದ ಸಂಗತಿ.

ಈ ವಿಚಾರಕ್ಕೆ ನಿದರ್ಶನವಾಗಿ ಅಮೆರಿಕೆಯ ಒಂದು ಹಳೆಯ ಯಂತ್ರವನ್ನು ಪರಿಶೀಲಿಸಬಹುದು. ಅದು ಅರ್ಧ ಶತಮಾನದ ಹಿಂದೆ ಆ ದೇಶದ ಮನೆಮನೆಗಳಲ್ಲಿ ಮೇಜಿನ ಮೇಲೆ ಕುಳಿತು ಮಿನುಗುತ್ತಿದ್ದ ರೇಡಿಯೋ ಸ್ಕ್ಯಾನರ್. ಅದಕ್ಕೆ ಕಂಪನಾಂಕಗಳನ್ನು ಹೇಳಿಕೊಡುವ ಕ್ರಮ, ಅದರೊಡನೆ ಮಾಡಬಹುದಾದ ಪ್ರಯೋಗಗಳು, ಅದರಿಂದ ಎದ್ದ ಧರ್ಮಾಧರ್ಮದ ಪ್ರಶ್ನೆಗಳು ಈ ಮೂರನ್ನೂ ನೋಡಿದರೆ, ಶಿಕ್ಷಣದ ಒಂದು ಮೂಲತತ್ತ್ವ ಸ್ಪಷ್ಟವಾಗುತ್ತದೆ. ಎಲ್ಲಿ ಆಲಿಸಬೇಕೆಂಬುದನ್ನು ತಾನೇ ಲೆಕ್ಕ ಹಾಕಿ ಕಂಡುಕೊಂಡವನು, ಯಾವುದನ್ನು ಆಲಿಸಬಾರದೆಂಬುದನ್ನೂ ಯೋಚಿಸಬಲ್ಲವನಾಗುತ್ತಾನೆ ಎಂಬುದೇ ಆ ತತ್ತ್ವ.

ಯಂತ್ರದ ಸ್ವರೂಪ

ಸಾಮಾನ್ಯ ರೇಡಿಯೋ ಒಂದು ನಿಲಯದಲ್ಲಿ ನಿಲ್ಲುತ್ತದೆ. ಸ್ಕ್ಯಾನರ್ ನಿಲ್ಲುವುದಿಲ್ಲ. ಅದು ತನಗೆ ಹೇಳಿಕೊಟ್ಟ ಹತ್ತೋ ಹದಿನಾರೋ ಕಂಪನಾಂಕಗಳನ್ನು ಸರದಿಯ ಪ್ರಕಾರ ತಟ್ಟಿ ನೋಡುತ್ತ ಸಾಗುತ್ತದೆ. ಎಲ್ಲಿಯಾದರೂ ಮಾತು ಕೇಳಿಬಂದರೆ ಅಲ್ಲಿ ನಿಲ್ಲುತ್ತದೆ. ಮಾತು ಮುಗಿದೊಡನೆ ಮತ್ತೆ ಹೊರಡುತ್ತದೆ. ಯಂತ್ರದ ಮುಖದ ಮೇಲಿನ ಕೆಂಪು ದೀಪಗಳು ಒಂದರ ನಂತರ ಒಂದರಂತೆ ಬೆಳಗಿ, ಈಗ ಯಾವ ಬಾಗಿಲನ್ನು ತಟ್ಟಲಾಗುತ್ತಿದೆ ಎಂಬುದನ್ನು ತೋರಿಸುತ್ತವೆ. ಅಗ್ನಿಶಾಮಕ ದಳ, ಪೊಲೀಸು, ರೈಲ್ವೆ, ವಿಮಾನ, ಹವಾಮಾನ ವಾರ್ತೆ ಇವು ಆ ಕಾಲದ ಅಮೆರಿಕೆಯಲ್ಲಿ ಸ್ಕ್ಯಾನರ್ ಆಲಿಸುತ್ತಿದ್ದ ಮುಖ್ಯ ಮಾತುಗಳು.

ಈ ಯಂತ್ರಗಳ ತಯಾರಿಕೆಯಲ್ಲಿ ಇಂಡಿಯಾನಾ ರಾಜ್ಯಕ್ಕೆ ವಿಶೇಷ ಸ್ಥಾನವಿತ್ತು. ಆ ರಾಜ್ಯದ ಕಂಬರ್‌ಲ್ಯಾಂಡ್ ಎಂಬ ಊರಿನಲ್ಲಿ ಎಲೆಕ್ಟ್ರಾ ಕಂಪನಿ ‘ಬೇರ್‌ಕ್ಯಾಟ್’ ಎಂಬ ಹೆಸರಿನ ಸ್ಕ್ಯಾನರುಗಳನ್ನು ತಯಾರಿಸುತ್ತಿತ್ತು. ಸಮೀಪದ ಇಂಡಿಯಾನಾಪೊಲಿಸ್ ನಗರದಲ್ಲಿ ರೀಜೆನ್ಸಿ ಸಂಸ್ಥೆಯಿತ್ತು. 1954ರಲ್ಲಿ ಜಗತ್ತಿನ ಮೊದಲ ವಾಣಿಜ್ಯ ಟ್ರಾನ್ಸಿಸ್ಟರ್ ರೇಡಿಯೋ ಎನಿಸಿದ ಟಿ.ಆರ್.-1 ಹೊರಬಂದದ್ದು ಈ ರೀಜೆನ್ಸಿಯ ಹೆಸರಿನಲ್ಲಿಯೇ. ಈ ಎಲ್ಲ ಯಂತ್ರಗಳ ಒಡಲಲ್ಲಿ ಕೆಲಸ ಮಾಡುತ್ತಿದ್ದುದು ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟರೊಡೈನ್ ತತ್ತ್ವ. ಹೊರಗಿನಿಂದ ಬರುವ ಅಲೆಯನ್ನು ಯಂತ್ರದೊಳಗೇ ಹುಟ್ಟಿಸಿದ ಇನ್ನೊಂದು ಅಲೆಯೊಡನೆ ಬೆರೆಸಿದರೆ, ಅವೆರಡರ ವ್ಯತ್ಯಾಸಕ್ಕೆ ಸಮನಾದ ಮೂರನೆಯ ಅಲೆ ಹುಟ್ಟುತ್ತದೆ. ಆ ಮೂರನೆಯ ಅಲೆಯ ಕಂಪನಾಂಕ ಯಾವಾಗಲೂ ಒಂದೇ ಆಗಿರುವಂತೆ ನೋಡಿಕೊಂಡರೆ, ಮುಂದಿನ ಕೆಲಸವೆಲ್ಲ ಸುಲಭ. ಅನೇಕ ಸ್ಕ್ಯಾನರುಗಳಲ್ಲಿ ಈ ಮಧ್ಯಂತರ ಕಂಪನಾಂಕ 10.7 ಮೆಗಾಹರ್ಟ್ಸ್.

ಯಂತ್ರಕ್ಕೆ ಹೇಳಿಕೊಡುವ ಕ್ರಮ

ಮೊದಲ ತಲೆಮಾರಿನ ಸ್ಕ್ಯಾನರಿನಲ್ಲಿ ಪ್ರತಿಯೊಂದು ಕಂಪನಾಂಕಕ್ಕೂ ಪ್ರತ್ಯೇಕವಾದ ಒಂದು ಕ್ವಾರ್ಟ್ಸ್ ಸ್ಫಟಿಕ ಬೇಕಾಗುತ್ತಿತ್ತು. ಯಾವ ಸ್ಫಟಿಕವನ್ನು ತರಿಸಬೇಕೆಂಬುದನ್ನು ಆಲಿಸುವವನೇ ಲೆಕ್ಕ ಹಾಕಬೇಕು. ಉದಾಹರಣೆಗೆ 145.800 ಮೆಗಾಹರ್ಟ್ಸ್ ಕಂಪನಾಂಕವನ್ನು ತೆಗೆದುಕೊಳ್ಳಬಹುದು. ಇಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹವ್ಯಾಸಿ ರೇಡಿಯೋ ಮಾತು ಭೂಮಿಗೆ ಇಳಿದುಬರುವುದು ಈ ಕಂಪನಾಂಕದಲ್ಲಿ. ಇದರಿಂದ 10.7ನ್ನು ಕಳೆದರೆ ಉಳಿಯುವುದು 135.1. ಸ್ಫಟಿಕದ ಕಂಪನವನ್ನು ಯಂತ್ರವು ಮೂರುಪಟ್ಟು ಮಾಡಿಕೊಳ್ಳುವುದಾದರೆ, 135.1ನ್ನು ಮೂರರಿಂದ ಭಾಗಿಸಬೇಕು. ಬರುವ ಉತ್ತರ 45.0333 ಮೆಗಾಹರ್ಟ್ಸ್. ಇಷ್ಟು ಕಂಪನದ ಸ್ಫಟಿಕವನ್ನು ಕೂರಿಸಿದರೆ ಯಂತ್ರ ಆ ಕಂಪನಾಂಕವನ್ನು ಆಲಿಸುತ್ತದೆ. ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ: ಮಾಧ್ಯಮಿಕ ಶಾಲೆಯ ಬಾಲಕನಿಗೆ ನಿಲುಕದ್ದು ಇದರಲ್ಲಿ ಯಾವುದೂ ಇಲ್ಲ. ಆದರೆ ಈ ಲೆಕ್ಕದ ಉತ್ತರ ಪುಸ್ತಕದ ಕೊನೆಯ ಪುಟದಲ್ಲಿ ಇರುವುದಿಲ್ಲ, ಆಕಾಶದಿಂದ ಬರುತ್ತದೆ.

1970ರ ದಶಕದ ಮಧ್ಯಭಾಗದಲ್ಲಿ ಸ್ಫಟಿಕಗಳ ಕಾಟವನ್ನು ತಪ್ಪಿಸುವ ಉಪಾಯಗಳು ಬಂದವು. ರೀಜೆನ್ಸಿಯ ‘ವ್ಯಾಮೋ-10’ ಎಂಬ ಯಂತ್ರಕ್ಕೆ ಬಾಚಣಿಗೆಯಂತಹ ಸಣ್ಣ ಪಟ್ಟಿಗಳಿರುತ್ತಿದ್ದವು. ಕೋಡ್ ಪುಸ್ತಕವನ್ನು ನೋಡಿ, ಬೇಕಾದ ಕಂಪನಾಂಕಕ್ಕೆ ತಕ್ಕಂತೆ ಪಟ್ಟಿಯ ಕೆಲವು ಹಲ್ಲುಗಳನ್ನು ಮುರಿದು ಯಂತ್ರದೊಳಗೆ ತೂರಿಸಬೇಕು. ಇದ್ದ ಹಲ್ಲು ಒಂದು ಅರ್ಥ, ಮುರಿದ ಹಲ್ಲು ಇನ್ನೊಂದು ಅರ್ಥ. ತಪ್ಪಾಗಿ ಮುರಿದರೆ ಆ ಪಟ್ಟಿ ವ್ಯರ್ಥ. ಆದುದರಿಂದ ಮುರಿಯುವ ಮುನ್ನ ಎರಡು ಬಾರಿ ಎಣಿಸುವ ಅಭ್ಯಾಸ ತಾನಾಗಿಯೇ ಬರುತ್ತಿತ್ತು. ‘ಬೇರ್‌ಕ್ಯಾಟ್ 101’ ಎಂಬ ಯಂತ್ರ ಇನ್ನೊಂದು ದಾರಿ ಹಿಡಿಯಿತು. ಅದರ ಹದಿನಾರು ವಾಹಿನಿಗಳಿಗೆ ಬೇಕಾದ ಸಂಖ್ಯೆಗಳನ್ನು ಮುಂಭಾಗದ ಸ್ವಿಚ್ಚುಗಳ ಸಾಲನ್ನು ಮೇಲೆ ಕೆಳಗೆ ಮಾಡಿ ಒಂದೊಂದಾಗಿ ತುಂಬಬೇಕಾಗಿತ್ತು. ಅದಕ್ಕೂ ಕೋಡ್ ಪುಸ್ತಕವೇ ಆಧಾರ. ದಶಕದ ಉತ್ತರಾರ್ಧದಲ್ಲಿ ‘ಬೇರ್‌ಕ್ಯಾಟ್ 210’ ಮೊದಲಾದವು ಅಂಕೆಗಳ ಕೀಲಿಮಣೆಯೊಡನೆ ಬಂದವು. ಕಂಪನಾಂಕವನ್ನು ನೇರವಾಗಿ ಒತ್ತಿದರೆ ಸಾಕಾಯಿತು. ಅನುಕೂಲ ಹೆಚ್ಚಿತು, ಒಳಗಿನ ಗಣಿತ ಮರೆಗೆ ಸರಿಯಿತು.

ಮರೆಗೆ ಸರಿದ ಆ ಗಣಿತವೇ ತರಗತಿಗೆ ಬೇಕಾದದ್ದು. ತತ್ತ್ವ ಇಷ್ಟೇ. ಯಂತ್ರದೊಳಗೆ ಕದಲದೆ ನಡೆಯುವ ಒಂದೇ ಒಂದು ಸ್ಫಟಿಕವಿದ್ದು, ಅದರಿಂದ 5 ಕಿಲೋಹರ್ಟ್ಸ್‌ನ ಒಂದು ಅಳತೆಗೋಲನ್ನು ಪಡೆಯಲಾಗುತ್ತದೆ ಎಂದಿಟ್ಟುಕೊಳ್ಳಬಹುದು. ಬದಲಾಗಬಲ್ಲ ಇನ್ನೊಂದು ಆಂದೋಲಕದ ಕಂಪನವನ್ನು ಒಂದು ಸಂಖ್ಯೆಯಿಂದ ಭಾಗಿಸಿ ಈ ಅಳತೆಗೋಲಿನೊಡನೆ ಹೋಲಿಸುತ್ತಾರೆ. ವ್ಯತ್ಯಾಸವಿದ್ದರೆ ಅದು ಅಳಿಯುವವರೆಗೆ ಆಂದೋಲಕ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹಾಗಾದರೆ 135.1 ಮೆಗಾಹರ್ಟ್ಸ್‌ಗೆ ಬೇಕಾದ ಭಾಜಕ ಯಾವುದು? 135100 ಕಿಲೋಹರ್ಟ್ಸ್‌ನ್ನು 5ರಿಂದ ಭಾಗಿಸಿದರೆ 27020. ಈ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಒಡೆದರೆ 16384, 8192, 2048, 256, 128, 8, 4 ಎಂಬ ಏಳು ಭಾಗಗಳಾಗುತ್ತವೆ. ಹದಿನೈದು ಸ್ಥಾನಗಳಲ್ಲಿ ಬರೆದರೆ 110100110001100. ಒಂದು ಎಂದಿರುವಲ್ಲಿ ಸ್ವಿಚ್ಚು ಮೇಲಕ್ಕೆ, ಸೊನ್ನೆ ಇರುವಲ್ಲಿ ಕೆಳಕ್ಕೆ. ಆಯಾ ಕಂಪನಿಯ ಕೋಡ್ ಪುಸ್ತಕದ ಅಂಕೆಗಳ ಜೋಡಣೆ ಬೇರೆ ಬೇರೆಯಾಗಿರಬಹುದು, ಅಡಿಪಾಯ ಇದೇ.

ಇಲ್ಲಿ ತಪ್ಪು ಕೂಡ ಪಾಠವಾಗುತ್ತದೆ. ಎಂಟರ ಸ್ಥಾನದ ಸ್ವಿಚ್ಚೊಂದು ಕೆಳಗೆ ಉಳಿದರೆ ಎಂಟು ಐದಲಿ ನಲವತ್ತು, ಅಂದರೆ 40 ಕಿಲೋಹರ್ಟ್ಸ್‌ನಷ್ಟು ಯಂತ್ರ ದಾರಿ ತಪ್ಪುತ್ತದೆ. ಬರಬೇಕಾದ ಧ್ವನಿ ಬರುವುದಿಲ್ಲ. ಒಂದರ ಸ್ಥಾನ ತಪ್ಪಿದರೆ 5 ಕಿಲೋಹರ್ಟ್ಸ್ ಮಾತ್ರ ಸರಿದು, ಧ್ವನಿ ಒಡೆದು ಕೇಳುತ್ತದೆ. ತಪ್ಪಿನ ಪರಿಣಾಮದಿಂದಲೇ ತಪ್ಪಿನ ಸ್ಥಾನವನ್ನು ಹುಡುಕಲು ಕಲಿತ ವಿದ್ಯಾರ್ಥಿಗೆ ಸ್ಥಾನಬೆಲೆ ಎಂಬ ಮಾತಿನ ಅರ್ಥವನ್ನು ಮತ್ತೊಮ್ಮೆ ಬೋಧಿಸುವ ಅಗತ್ಯವಿರುವುದಿಲ್ಲ. ಕೆಂಪು ಮಸಿಯ ಗುರುತಿಗಿಂತ ಯಂತ್ರದ ಮೌನ ಹೆಚ್ಚು ಪರಿಣಾಮಕಾರಿಯಾದ ತಿದ್ದುಪಡಿ.

ಪ್ರಯೋಗಗಳು

ಕಂಪನಾಂಕಗಳನ್ನು ತುಂಬಿದ ಮೇಲೆ ಪ್ರಯೋಗದ ಕ್ಷೇತ್ರ ತೆರೆಯುತ್ತದೆ. ಮೊದಲನೆಯದು ಸ್ಕ್ವೆಲ್ಚ್ ಎಂಬ ತಿರುಗುಗುಂಡಿಯದು. ನಿಲಯವಿಲ್ಲದ ಕಂಪನಾಂಕದಲ್ಲಿ ರೇಡಿಯೋ ಭೋರ್ಗರೆಯುತ್ತದೆ. ಆ ಮೊರೆತವನ್ನು ತಡೆಯುವುದು ಈ ಗುಂಡಿಯ ಕೆಲಸ. ಅತಿಯಾಗಿ ಸಡಿಲಿಸಿದರೆ ಯಂತ್ರ ಮೊರೆತವನ್ನೇ ಮಾತೆಂದು ಭ್ರಮಿಸಿ ಅಲ್ಲಿಯೇ ನಿಂತುಬಿಡುತ್ತದೆ. ಅತಿಯಾಗಿ ಬಿಗಿದರೆ ದೂರದ ಕ್ಷೀಣ ಧ್ವನಿಯನ್ನು ಕಡೆಗಣಿಸಿ ಮುಂದೆ ಹೋಗುತ್ತದೆ. ಮೊರೆತ ನಿಲ್ಲುವ ಬಿಂದುವನ್ನು ಕಂಡುಕೊಂಡು, ಅದರಿಂದ ಕೂದಲೆಳೆಯಷ್ಟು ಮಾತ್ರ ಮುಂದೆ ನಿಲ್ಲಿಸುವುದು ಅನುಭವದಿಂದ ಬರುವ ಕೌಶಲ. ತರಗತಿಯಲ್ಲಿ ಮೆಲುದನಿಯ ಮಗುವಿನ ಉತ್ತರವನ್ನು ಗದ್ದಲದ ನಡುವೆ ಗುರುತಿಸಬೇಕಾದ ಅಧ್ಯಾಪಕರಿಗೆ ಈ ಕೌಶಲದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಕಾಲದ ಲೆಕ್ಕ. ಸೆಕೆಂಡಿಗೆ ಎಂಟು ವಾಹಿನಿಗಳನ್ನು ತಟ್ಟುವ ಯಂತ್ರ ಹದಿನಾರು ವಾಹಿನಿಗಳ ಸುತ್ತನ್ನು ಮುಗಿಸಲು ಎರಡು ಸೆಕೆಂಡು ಬೇಕು. ಒಂದೇ ಸೆಕೆಂಡಿನ ಮಾತೊಂದು ಎಲ್ಲಿಯೋ ನಡೆದರೆ, ಅದು ಕಿವಿಗೆ ಬೀಳುವ ಸಂಭವ ಅರ್ಧದಷ್ಟು ಮಾತ್ರ. ಬೇಡದ ಹನ್ನೆರಡು ವಾಹಿನಿಗಳನ್ನು ಕೈಬಿಟ್ಟು ನಾಲ್ಕನ್ನೇ ಉಳಿಸಿಕೊಂಡರೆ ಸುತ್ತು ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಯಾವ ಮಾತೂ ತಪ್ಪುವುದಿಲ್ಲ. ಎಲ್ಲವನ್ನೂ ಆಲಿಸಹೊರಟವನು ಅರ್ಧವನ್ನು ಕಳೆದುಕೊಳ್ಳುತ್ತಾನೆ; ಆಯ್ದು ಆಲಿಸುವವನಿಗೆ ಪೂರ್ಣವಾಗಿ ದಕ್ಕುತ್ತದೆ. ಪಠ್ಯಕ್ರಮವನ್ನು ರಚಿಸುವವರೂ ಗಮನಿಸತಕ್ಕ ಗಣಿತ ಇದು.

ಮೂರನೆಯದು ಆಂಟೆನಾದ ಅಳತೆ. 300ನ್ನು 145.8ರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 2.06 ಮೀಟರು, ಅದರ ಕಾಲುಭಾಗ 51 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಲೋಹದ ತಂತಿಯ ಗುಣದಿಂದಾಗಿ ಇದನ್ನು ಶೇಕಡಾ ಐದರಷ್ಟು ಕಡಿಮೆ ಮಾಡಿ, 49 ಸೆಂಟಿಮೀಟರಿನ ತಂತಿಯನ್ನು ನೆಟ್ಟಗೆ ನಿಲ್ಲಿಸಿದರೆ ಸಾಕು. ಅದೇ ತಂತಿಯನ್ನು ಮಲಗಿಸಿದರೆ, ಅರ್ಧಕ್ಕೆ ಕತ್ತರಿಸಿದರೆ, ಚಾವಣಿಯ ಮೇಲಕ್ಕೆ ಏರಿಸಿದರೆ ಏನಾಗುತ್ತದೆಂಬುದನ್ನು ಮಕ್ಕಳು ತಾವೇ ಮಾಡಿ ಬರೆದಿಡಬಹುದು.

ನಾಲ್ಕನೆಯದು ಯಂತ್ರದ ಮಿತಿಯನ್ನು ಅರಿಯುವ ಪ್ರಯೋಗ. ಅಮೆರಿಕೆಯ ನೋವಾ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಮೋಡಗಳ ಚಿತ್ರವನ್ನು ಧ್ವನಿರೂಪದಲ್ಲಿ ಕಳಿಸುತ್ತಿದ್ದವು. ಅವುಗಳಲ್ಲಿ ಕೊನೆಯ ಮೂರು 2025ರಲ್ಲಿ ಸೇವೆಯಿಂದ ನಿವೃತ್ತವಾದವು. ಸ್ಕ್ಯಾನರಿನಲ್ಲಿ ಆ ಧ್ವನಿ ಕೇಳುತ್ತಿತ್ತು. ಚಿತ್ರ ಮಾತ್ರ ಸರಿಯಾಗಿ ಮೂಡುತ್ತಿರಲಿಲ್ಲ. ಮನುಷ್ಯರ ಮಾತಿಗೆ ಸಾಲುವಂತೆ ಸುಮಾರು 15 ಕಿಲೋಹರ್ಟ್ಸ್ ಅಗಲಕ್ಕೆ ಮಾಡಿದ ಅದರ ಸೋಸುಕದಲ್ಲಿ, ಮೂವತ್ತಕ್ಕೂ ಹೆಚ್ಚು ಕಿಲೋಹರ್ಟ್ಸ್ ಅಗಲದ ಸಂಕೇತ ಹಾಯಲಾರದೆ ಅಂಚುಗಳನ್ನು ಕಳೆದುಕೊಳ್ಳುತ್ತಿದ್ದುದೇ ಕಾರಣ. ಆ ಸೋಸುಕವನ್ನು ತೆಗೆದು ಅಗಲವಾದುದನ್ನು ಬೆಸುಗೆ ಹಾಕಿದ ಹವ್ಯಾಸಿಗಳಿಗೆ ತೆರೆಯ ಮೇಲೆ ಮೋಡಗಳು ಸ್ಪಷ್ಟವಾಗಿ ಕಂಡವು. ದೋಷವು ಉಪಗ್ರಹದ್ದಲ್ಲ, ಗ್ರಹಿಸುವ ಪಾತ್ರೆಯದು ಎಂಬ ಅರಿವು ಬೆಸುಗೆಯ ಕಾವಿನಲ್ಲಿ ಮೂಡಿದರೆ ಅದು ಮರೆತುಹೋಗುವಂಥದ್ದಲ್ಲ. ಬಾಹ್ಯಾಕಾಶ ನಿಲ್ದಾಣದ 145.800ರ ಸಂಕೇತಕ್ಕೆ ಈ ತೊಡಕಿಲ್ಲ. ನಿಲ್ದಾಣದ ವೇಗದಿಂದಾಗಿ ಡಾಪ್ಲರ್ ಪರಿಣಾಮ ಆ ಕಂಪನಾಂಕವನ್ನು ಸುಮಾರು ಮೂರೂವರೆ ಕಿಲೋಹರ್ಟ್ಸ್‌ನಷ್ಟು ಅತ್ತಿತ್ತ ಸರಿಸಿದರೂ, ಹಳೆಯ ಯಂತ್ರ ಅದನ್ನು ಸಹಿಸಿಕೊಂಡು ಹತ್ತು ನಿಮಿಷದ ಆ ಅತಿಥಿಯ ಮಾತನ್ನು ಕೇಳಿಸುತ್ತದೆ.

ಆಲಿಸುವುದರ ಧರ್ಮ

ಇಷ್ಟರಲ್ಲೇ ಮಾತು ಮುಗಿಯುವಂತಿದ್ದರೆ ಸ್ಕ್ಯಾನರ್ ಬರಿಯ ವಿಜ್ಞಾನದ ಆಟಿಕೆಯಾಗುತ್ತಿತ್ತು. ಆದರೆ ಆಲಿಸುವ ಶಕ್ತಿ ಬಂದೊಡನೆ, ಆಲಿಸಬಹುದೇ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ. ಅಮೆರಿಕೆಯ 1934ರ ಸಂಪರ್ಕ ಅಧಿನಿಯಮವು ಈ ವಿಷಯದಲ್ಲಿ ಸೂಕ್ಷ್ಮವಾದ ಒಂದು ಗೆರೆಯನ್ನು ಎಳೆದಿತ್ತು. ಅನ್ಯರಿಗೆಂದು ಕಳಿಸಿದ ರೇಡಿಯೋ ಮಾತನ್ನು ಮತ್ತೊಬ್ಬರಿಗೆ ಬಯಲು ಮಾಡುವುದು, ಸ್ವಂತ ಲಾಭಕ್ಕೆ ಬಳಸಿಕೊಳ್ಳುವುದು ಅಪರಾಧವೆಂದು ಅದು ಸಾರಿತು. ಸಂಚಾರಿ ದೂರವಾಣಿಗಳು ಬಂದ ಮೇಲೆ ಈ ಗೆರೆ ಸಾಲದಾಯಿತು. ಆರಂಭಕಾಲದ ಆ ದೂರವಾಣಿಗಳ ಮಾತು ಯಾವ ಮುಸುಕೂ ಇಲ್ಲದೆ ಗಾಳಿಯಲ್ಲಿ ಹರಿಯುತ್ತಿತ್ತು. ಮನೆಯೊಳಗಿನ ಸುಖದುಃಖಗಳು ನೆರೆಯವನ ಮೇಜಿನ ಮೇಲಿನ ಯಂತ್ರದಲ್ಲಿ ಕೇಳಿಬರುವಂತಾಯಿತು. 1986ರ ಕಾನೂನು ಅದನ್ನು ಆಲಿಸುವುದನ್ನೇ ನಿಷೇಧಿಸಿತು.

ಅದೇ ವರ್ಷ ರೇಡಿಯೋ ಶ್ಯಾಕ್ ಮಳಿಗೆಗಳಿಗೆ ಬಂದ ‘ಪಿ.ಆರ್.ಓ.-2004’ ಎಂಬ ಸ್ಕ್ಯಾನರಿನ ವೃತ್ತಾಂತ ಇಲ್ಲಿ ಸ್ಮರಣೀಯ. ಮುನ್ನೂರು ವಾಹಿನಿಗಳ ಆ ಯಂತ್ರಕ್ಕೆ ಸಂಚಾರಿ ದೂರವಾಣಿಯ ಕಂಪನಾಂಕಗಳು ಕೇಳಿಸದಂತೆ ಕಂಪನಿ ಮಾಡಿದ್ದ ಏರ್ಪಾಡೆಂದರೆ ಒಂದೇ ಒಂದು ಡಯೋಡ್. ಯಂತ್ರವನ್ನು ಬಿಚ್ಚಿ ಆ ಡಯೋಡಿನ ಒಂದು ಕಾಲನ್ನು ಕತ್ತರಿಸಿದರೆ ಮುಚ್ಚಿದ ಬಾಗಿಲು ತೆರೆಯುತ್ತಿತ್ತು. ಇಂತಹ ಮಾರ್ಪಾಡುಗಳನ್ನೇ ವಿವರಿಸುವ ಪುಸ್ತಕಗಳೂ ಮಾರಾಟವಾದವು. ಕೊನೆಗೆ 1992ರ ಶಾಸನದ ಫಲವಾಗಿ, 1994ರ ಏಪ್ರಿಲ್ ತಿಂಗಳ ನಂತರ ಸಂಚಾರಿ ದೂರವಾಣಿಯನ್ನು ಆಲಿಸಬಲ್ಲ, ಅಥವಾ ಸುಲಭವಾಗಿ ಹಾಗೆ ಮಾರ್ಪಡಿಸಬಲ್ಲ ಸ್ಕ್ಯಾನರುಗಳ ತಯಾರಿಕೆಯೇ ನಿಂತಿತು. ಆದರೂ 1996ರ ಡಿಸೆಂಬರಿನಲ್ಲಿ ಫ್ಲಾರಿಡಾದ ದಂಪತಿಗಳು ಸ್ಕ್ಯಾನರಿನಲ್ಲಿ ರಾಜಕೀಯ ನಾಯಕರ ದೂರವಾಣಿ ಸಮಾಲೋಚನೆಯೊಂದನ್ನು ಕೇಳಿ ಮುದ್ರಿಸಿಕೊಂಡರು. ಪ್ರತಿನಿಧಿ ಸಭೆಯ ಅಧ್ಯಕ್ಷ ನ್ಯೂಟ್ ಗಿಂಗ್ರಿಚ್ ಆ ಸಮಾಲೋಚನೆಯಲ್ಲಿದ್ದರು. 1997ರ ಜನವರಿಯಲ್ಲಿ ಅದು ಪತ್ರಿಕೆಯಲ್ಲಿ ಪ್ರಕಟವಾಗಿ ಕೋಲಾಹಲವೆದ್ದಿತು; ದಂಪತಿಗಳು ತಪ್ಪೊಪ್ಪಿಕೊಂಡು ತಲಾ 500 ಡಾಲರ್ ದಂಡ ತೆತ್ತರು.

ಡಯೋಡನ್ನು ಕತ್ತರಿಸಲು ಬೇಕಾದುದು ಒಂದು ಕ್ಷಣ; ಕತ್ತರಿಸಬಾರದೆಂದು ತಿಳಿಯಲು ಬೇಕಾದುದು ಶಿಕ್ಷಣ. ಶರಣರು ಅರಿವು ಮತ್ತು ಆಚಾರಗಳನ್ನು ಬೇರ್ಪಡಿಸಲಿಲ್ಲ. ಆಚಾರವಿಲ್ಲದ ಅರಿವು ಅವರ ದೃಷ್ಟಿಯಲ್ಲಿ ಅರಿವೇ ಅಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪವು ಆಡುವವರ ಸಭೆಯಾಗಿದ್ದಷ್ಟೇ ಆಲಿಸುವವರ ಸಭೆಯೂ ಆಗಿತ್ತು. ಯಂತ್ರವನ್ನು ಬಿಚ್ಚಲು ಕಲಿಸುವ ಶಾಲೆ, ಬಿಚ್ಚಿದ ಮೇಲೆ ಕೈಯನ್ನು ತಡೆದುಕೊಳ್ಳುವುದನ್ನೂ ಕಲಿಸದಿದ್ದರೆ ಅರ್ಧ ಕೆಲಸವನ್ನೇ ಮಾಡಿದಂತೆ. ಈ ಎರಡನೆಯ ಅರ್ಧವನ್ನು ಕಲಿಸಲು ಧಾರ್ಮಿಕ ಸಂಸ್ಥೆಯ ಆಶ್ರಯದಲ್ಲಿರುವ ಶಾಲೆಗಿಂತ ಯೋಗ್ಯವಾದ ಸ್ಥಳ ಬೇರೊಂದು ಇರಲಾರದು.

ಈ ನೆಲಕ್ಕೆ ಒಪ್ಪುವ ಮಾರ್ಗ

ಹಾಗೆಂದು ಅಮೆರಿಕೆಯ ಹಳೆಯ ಸ್ಕ್ಯಾನರುಗಳನ್ನು ಇಲ್ಲಿಗೆ ತರಿಸಬೇಕೆಂದು ಅರ್ಥವಲ್ಲ. ಭಾರತದ ಕಾನೂನು ಈ ವಿಷಯದಲ್ಲಿ ಹೆಚ್ಚು ಬಿಗಿಯಾದುದು. 1933ರ ಭಾರತೀಯ ನಿಸ್ತಂತು ಅಧಿನಿಯಮವು ಅನುಮತಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತ್ತು. 2023ರ ದೂರಸಂಪರ್ಕ ಅಧಿನಿಯಮವೂ ರೇಡಿಯೋ ಉಪಕರಣಕ್ಕೆ ಅಧಿಕೃತ ಅನುಮತಿ ಬೇಕೆಂಬ ತತ್ತ್ವವನ್ನು ಉಳಿಸಿಕೊಂಡಿದೆ. ಅನಧಿಕೃತ ಕದ್ದಾಲಿಕೆಯನ್ನು ದಂಡನೀಯವೆಂದಿದೆ. ಆದುದರಿಂದ ಹಿತೈಷಿಯಾದ ಹಳೆಯ ವಿದ್ಯಾರ್ಥಿಯೊಬ್ಬರು ವಿದೇಶದಿಂದ ಬರುವಾಗ ಇಂತಹ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ತಂದು ಶಾಲೆಗೆ ಕೊಟ್ಟರೆ, ಅದು ಉಪಕಾರಕ್ಕೆ ಬದಲಾಗಿ ತೊಡಕಾದೀತು. ಬರಬೇಕಾದದ್ದು ಯಂತ್ರವಲ್ಲ, ಅದರ ಪಾಠ.

ಆ ಪಾಠಕ್ಕೆ ಇಲ್ಲಿಯೇ ಸಾಧನಗಳಿವೆ. ಹಳೆಯ ಮಾದರಿಯ ಎಫ್.ಎಂ. ರೇಡಿಯೋಗಳಲ್ಲಿಯೂ ಇರುವುದು ಅದೇ 10.7 ಮೆಗಾಹರ್ಟ್ಸ್. ಅಂತಹ ಎರಡು ರೇಡಿಯೋಗಳನ್ನು ಅಕ್ಕಪಕ್ಕದಲ್ಲಿ ಇಡಬೇಕು. ಒಂದನ್ನು 92ರಲ್ಲಿ ನಿಲ್ಲಿಸಿದರೆ ಅದರೊಳಗಿನ ಆಂದೋಲಕ 102.7ರಲ್ಲಿ ಮಿಡಿಯುತ್ತಿರುತ್ತದೆ. ಎರಡನೆಯದನ್ನು 102.7ರ ಮೊರೆತದ ಮೇಲೆ ನಿಲ್ಲಿಸಿದರೆ, ಮೊದಲನೆಯದರ ಗುಂಡಿ 92ನ್ನು ದಾಟುವ ಕ್ಷಣದಲ್ಲಿ ಎರಡನೆಯದರ ಮೊರೆತ ತಟಕ್ಕನೆ ಅಡಗುತ್ತದೆ. ಆಲಿಸುವ ಯಂತ್ರವೂ ಮೆಲ್ಲನೆ ಏನನ್ನೋ ಆಡುತ್ತಿರುತ್ತದೆ ಎಂಬುದು ಈ ಪ್ರಯೋಗದಿಂದ ಸಿದ್ಧವಾಗುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಡ. ಗುಜರಿ ಅಂಗಡಿಯ ಎರಡು ರೇಡಿಯೋಗಳು ಸಾಕು.

ಇನ್ನೂ ಮುಂದೆ ಹೋಗಬಯಸುವ ವಿದ್ಯಾರ್ಥಿಗೆ ಹವ್ಯಾಸಿ ರೇಡಿಯೋದ ರಾಜಮಾರ್ಗವಿದೆ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪರವಾನಗಿ ಪಡೆದವರು ತಮಗೆ ವಿಧಿಸಿದ ಕಂಪನಾಂಕಗಳಲ್ಲಿ ಕೇಳಬಹುದು, ಮಾತನಾಡಲೂಬಹುದು. ಕನ್ನಡ ನಾಡಿಗೆ ಈ ಕ್ಷೇತ್ರದಲ್ಲಿ ಗೌರವದ ಪರಂಪರೆಯಿದೆ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಕಂಪನಿಯೂ ಅಲ್ಲ, ಸರ್ಕಾರವೂ ಅಲ್ಲ, ಒಬ್ಬ ಅಧ್ಯಾಪಕರು. ಹವ್ಯಾಸಿಗಳಿಗೆಂದೇ ಇಸ್ರೋ ಸಂಸ್ಥೆ ನಿರ್ಮಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಕಕ್ಷೆ ಸೇರಿ 2014ರವರೆಗೆ ಸೇವೆ ಸಲ್ಲಿಸಿತು. 2025ರ ಜುಲೈ 4ರಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಮಾತನಾಡಿದ್ದು ಹವ್ಯಾಸಿ ರೇಡಿಯೋದ ಮೂಲಕವೇ.

ಆಕ್ಷೇಪಗಳಿಗೆ ಸಮಾಧಾನ

ಈ ವಾದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಅಮೆರಿಕೆಯಲ್ಲಿಯೇ ಹಳೆಯ ಸ್ಕ್ಯಾನರ್ ಮೂಕವಾಗುತ್ತಿದೆ ಎಂಬುದು ಮೊದಲನೆಯದು. ಅದು ನಿಜ. ಅಲ್ಲಿನ ಸಂಚಾರಿ ದೂರವಾಣಿಯ ಹಳೆಯ ಜಾಲಕ್ಕೆ 2008ರಲ್ಲಿ ತೆರೆ ಬಿತ್ತು. ಅನೇಕ ನಗರಗಳ ಪೊಲೀಸರ ಮಾತು ಅಂಕಿಗಳ ರೂಪ ತಳೆದು ಗೂಢಲಿಪಿಯ ಮುಸುಕು ಹೊದ್ದಿದೆ; ನ್ಯೂಯಾರ್ಕ್ ನಗರದ ಪೊಲೀಸರು 2023ರಲ್ಲಿ ಆ ಹಾದಿ ಹಿಡಿದರು. ಆದರೂ ವಿಮಾನಗಳ ಮಾತು, ಹಡಗುಗಳ ಮಾತು, ಹವಾಮಾನ ವಾರ್ತೆ, ಹವ್ಯಾಸಿಗಳ ಮಾತು ಅಲ್ಲಿ ಇಂದಿಗೂ ಹಳೆಯ ಯಂತ್ರಕ್ಕೆ ಕೇಳಿಸುತ್ತವೆ. ಅಲ್ಲದೆ ಪಾಠದ ಬೆಲೆ ನಿಲಯಗಳ ಸಂಖ್ಯೆಯನ್ನು ಅವಲಂಬಿಸಿದ್ದಲ್ಲ.

ಕಂಪ್ಯೂಟರಿಗೆ ಜೋಡಿಸುವ ಹೆಬ್ಬೆರಳಿನ ಗಾತ್ರದ ಟೆಲಿವಿಷನ್ ಗ್ರಾಹಕವೇ ಸಾಕಲ್ಲವೇ ಎಂಬುದು ಎರಡನೆಯ ಆಕ್ಷೇಪ. ಅಗ್ಗದ ಆ ಸಾಧನವನ್ನು ಎಲ್ಲ ಬಗೆಯ ಸಂಕೇತಗಳನ್ನು ಹಿಡಿಯುವ ರೇಡಿಯೋವಾಗಿ ಬಳಸಬಹುದೆಂದು 2012ರ ಹೊತ್ತಿಗೆ ಹವ್ಯಾಸಿಗಳು ಕಂಡುಕೊಂಡರು. ಅನೇಕ ನಿಲಯಗಳನ್ನು ಅದು ಏಕಕಾಲದಲ್ಲಿ ತೆರೆಯ ಮೇಲೆ ತೋರಿಸಬಲ್ಲದು. ಅದರ ಸಾಮರ್ಥ್ಯದ ಮುಂದೆ ಬೇರ್‌ಕ್ಯಾಟ್ ಏನೂ ಅಲ್ಲ. ಅನುಮತಿಯ ಚೌಕಟ್ಟಿನಲ್ಲಿ ಅದೂ ಪ್ರಯೋಗಶಾಲೆಗೆ ಬರಲಿ. ಆದರೆ ಮಗ್ಗಿಯನ್ನು ಕಲಿತವನ ಕೈಗೆ ಗಣಕಯಂತ್ರ ಕೊಡುವುದು ಬೇರೆ, ಮಗ್ಗಿಯ ಬದಲಿಗೆ ಗಣಕಯಂತ್ರ ಕೊಡುವುದು ಬೇರೆ. ತೆರೆಯ ಮೇಲೆ ಎದ್ದ ಗೆರೆಯೊಂದು ನಿಜವಾದ ನಿಲಯವೋ, ಬೆರಕೆಯಿಂದ ಹುಟ್ಟಿದ ನೆರಳೋ ಎಂದು ತಿಳಿಯಬೇಕಾದರೆ 10.7ರ ಲೆಕ್ಕವನ್ನು ಒಮ್ಮೆಯಾದರೂ ಕೈಯಿಂದ ಮಾಡಿರಬೇಕು.

ಪರೀಕ್ಷೆಯ ಅಂಕಗಳಿಗೆ ಇದರಿಂದೇನು ಪ್ರಯೋಜನ ಎಂಬುದು ಮೂರನೆಯದು. ಪೋಷಕರು ಕೇಳುವ ಪ್ರಶ್ನೆ, ಕಡೆಗಣಿಸತಕ್ಕದ್ದಲ್ಲ. ಭಾಗಾಕಾರ, ದ್ವಿಮಾನ ಸಂಖ್ಯೆ, ಅಲೆಯ ಉದ್ದ, ಸಂಭವನೀಯತೆ, ಡಾಪ್ಲರ್ ಪರಿಣಾಮ ಇವು ಪಠ್ಯದ ಹೊರಗಿನವಲ್ಲ. ಬೇರೆ ಬೇರೆ ತರಗತಿಗಳಲ್ಲಿ ಬಿಡಿಬಿಡಿಯಾಗಿ ಬಾಯಿಪಾಠವಾಗುವ ಇವು ಒಂದೇ ಮೇಜಿನ ಮೇಲೆ ಒಂದಾಗುತ್ತವೆ, ಅಷ್ಟೇ. ವಾರಕ್ಕೊಂದು ಸಂಜೆ ಇದಕ್ಕೆ ಸಾಕು.

ಕಾಯಕ ಮತ್ತು ದಾಸೋಹ

ದಾಸೋಹವೆಂದರೆ ಇದ್ದುದನ್ನು ಕೊಟ್ಟು ಕೈತೊಳೆದುಕೊಳ್ಳುವುದಲ್ಲ. ಪಡೆಯುವವನು ತನ್ನ ಕಾಯಕಕ್ಕೆ ಶಕ್ತನಾಗುವಂತೆ ಕೊಡುವುದು. ಪ್ರಯೋಗಶಾಲೆಗೆ ಕೊಡಬಯಸುವ ದಾನಿಗಳು ಉಪಕರಣದ ಹೊಳಪಿಗಿಂತ ಮೊದಲು ಅದರ ತಿರುಪುಗಳನ್ನು ನೋಡುವುದು ಒಳಿತು. ಅದನ್ನು ಬಿಚ್ಚಲು ಬರುತ್ತದೆಯೇ? ಒಳಗಿನ ನಕ್ಷೆ ದೊರೆಯುತ್ತದೆಯೇ? ಕೆಟ್ಟರೆ ವಿದ್ಯಾರ್ಥಿಯೇ ದುರಸ್ತಿ ಮಾಡಬಹುದೇ? ಹತ್ತು ಹೊಸ ಫಲಕಗಳ ಜೊತೆಗೆ ಒಂದು ಬೆಸುಗೆ ಮೇಜು, ಒಂದು ಮಾಪಕ, ಬಿಡಿಭಾಗಗಳ ಒಂದು ಡಬ್ಬಿ ಇವಕ್ಕೂ ದಾನಪತ್ರದಲ್ಲಿ ಒಂದು ಸಾಲು ಮೀಸಲಾಗಲಿ. ಹಳೆಯ ವಿದ್ಯಾರ್ಥಿಗಳಲ್ಲಿ ರೇಡಿಯೋ, ವಿದ್ಯುತ್ತು, ದೂರಸಂಪರ್ಕದ ಕ್ಷೇತ್ರಗಳಲ್ಲಿ ದುಡಿದವರು ಹಣದ ಜೊತೆಗೆ ವರ್ಷಕ್ಕೆ ನಾಲ್ಕು ಸಂಜೆಗಳನ್ನು ಕೊಡಲಿ. ಅಧ್ಯಾಪಕರಲ್ಲಿ ಒಬ್ಬರಾದರೂ ಹವ್ಯಾಸಿ ಪರವಾನಗಿ ಪಡೆದು ಮಕ್ಕಳಿಗೆ ಮಾರ್ಗದರ್ಶಿಯಾಗಲಿ. ಕಟ್ಟಡಕ್ಕೆ ಹೋಲಿಸಿದರೆ ಇವುಗಳ ವೆಚ್ಚ ಅತ್ಯಲ್ಪ.

ಇಂಡಿಯಾನಾದ ಆ ಹಳೆಯ ಯಂತ್ರ ಇಂದು ಸಂಗ್ರಾಹಕರ ಕಪಾಟಿನ ವಸ್ತು. ಆದರೆ ಹಲ್ಲು ಮುರಿಯುವ ಮುನ್ನ ಎರಡು ಬಾರಿ ಎಣಿಸಬೇಕು, ಮೊರೆತವನ್ನು ತಡೆಯುವಾಗ ಮೆಲುದನಿಯನ್ನು ಕಳೆದುಕೊಳ್ಳಬಾರದು, ಅನ್ಯರ ಮಾತು ಕಿವಿಗೆ ಬಿದ್ದ ಮಾತ್ರಕ್ಕೆ ತನ್ನದಾಗುವುದಿಲ್ಲ ಎಂಬ ಅದರ ಪಾಠಗಳು ಹಳತಾಗಿಲ್ಲ. ಕಿವಿಯ ತುಂಬ ಮಾತು, ಕೈಯ ತುಂಬ ಯಂತ್ರ ಇರುವ ಈ ಕಾಲದಲ್ಲಿ ಅವು ಎಂದಿಗಿಂತ ಹೆಚ್ಚು ಅವಶ್ಯಕವಾಗಿವೆ. ಅರಿವನ್ನು ಕೈಗೂ ಸಂಯಮವನ್ನು ಕಿವಿಗೂ ಕಲಿಸುವ ಶಾಲೆಗಳು ನಾಡಿನಲ್ಲಿ ಹೆಚ್ಚಲಿ. ದಾನಿಗಳ ಔದಾರ್ಯವೂ ಗುರುಗಳ ಶ್ರಮವೂ ಆ ದಾರಿಯಲ್ಲಿ ಸಾರ್ಥಕವಾಗಲಿ.